ಪ್ರತಿಯೂ ಅಧಿಕಾರವೂ: ‘ಇನ್‌ಸ್ಟಾಲ್’ ಆದೇಶದ ಸ್ವರೂಪ

ಗ್ರಂಥದ ಪ್ರತಿಯನ್ನು ಸಿದ್ಧಪಡಿಸುವುದು ಒಂದು ಕಾರ್ಯ. ಆ ಪ್ರತಿಯು ಓದುವವರಿಗೆ ದೊರೆಯುವಂತೆ ಮಾಡುವುದು ಮತ್ತೊಂದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಪ್ರತಿಗಳು ಓದುಗರ ಕೈ ಸೇರಿದುದರಿಂದಲೇ ಆ ದಾನವು ಸಾರ್ಥಕವಾಯಿತು. ಗಣಕಯಂತ್ರದ ಕಡತಗಳಿಗೂ ಈ ಮಾತು ಅನ್ವಯಿಸುತ್ತದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಶ್ರಮದಿಂದ ಆರಂಭವಾದ ಯೂನಿಕ್ಸ್ ವ್ಯವಸ್ಥೆಯಲ್ಲಿಯೂ, ಅದರ ಮಾದರಿಯನ್ನು ಅನುಸರಿಸಿದ ಲಿನಕ್ಸ್‌ನಲ್ಲಿಯೂ ಪ್ರತಿಯೊಂದು ಕಡತಕ್ಕೆ ಒಡೆಯ, ಒಡೆಯನ ಗುಂಪು, ಇತರರು ಎಂದು ಮೂರು ವರ್ಗಗಳುಂಟು. ಓದುವ ಹಕ್ಕಿಗೆ 4, ತಿದ್ದುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂಬ ಅಂಕಗಳು ನಿಯತವಾಗಿವೆ. ಹೀಗಾಗಿ 644 ಎಂದರೆ ಒಡೆಯನು ಓದಬಹುದು, ತಿದ್ದಬಹುದು. ಉಳಿದವರು ಓದಬಹುದು ಮಾತ್ರ ಎಂದರ್ಥ.

ಹಿಮಾಯತ್‌ನಗರದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿ ಲಿನಕ್ಸ್ ಇರುವ ಒಂದೇ ಯಂತ್ರವನ್ನು ಅಜ್ಜನೂ ಮೊಮ್ಮಗಳೂ ಬೇರೆ ಬೇರೆ ಹೆಸರಿನಿಂದ ಬಳಸುತ್ತಾರೆ. ಮನೆಯ ಮಗನು ಕನ್ನಡ ಅಕ್ಷರಗಳ ಫಾಂಟೊಂದನ್ನು ತಂದು, ‘ಸಿಪಿ’ ಎಂಬ ಸಾಮಾನ್ಯ ಆದೇಶದಿಂದ, ಮೇಲ್ವಿಚಾರಕನ ಅಧಿಕಾರದಲ್ಲಿ, ಎಲ್ಲರಿಗೂ ಮೀಸಲಾದ ಸ್ಥಳಕ್ಕೆ ಸೇರಿಸುತ್ತಾನೆ. ಮೂಲ ಕಡತದ ಅನುಮತಿ 600 ಆಗಿದ್ದಲ್ಲಿ ಹೊಸ ಪ್ರತಿಯೂ ಹಾಗೆಯೇ ಆಗುತ್ತದೆ. ಅದನ್ನು ಮೇಲ್ವಿಚಾರಕನ ಹೊರತು ಯಾರೂ ಓದಲಾರರು. ಬೇರೆ ಕನ್ನಡ ಫಾಂಟು ಇಲ್ಲದಿದ್ದರೆ ಮೊಮ್ಮಗಳಿಗೆ ಕಾಣುವುದು ಕನ್ನಡವಲ್ಲ, ಬರಿಯ ಚೌಕಗಳ ಸಾಲು. ಪರಸ್ಥಳದಲ್ಲಿ ಬೆಳೆಯುವ ಮಗುವಿಗೆ ತಾಯ್ನುಡಿಯ ಲಿಪಿ ಕಾಣದೆ ಹೋಗುವುದು ಅಲ್ಪ ನಷ್ಟವಲ್ಲ.

ಈ ತೊಡಕನ್ನು ನಿವಾರಿಸುವುದೇ ‘ಇನ್‌ಸ್ಟಾಲ್’ ಆದೇಶ. ಇದು 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಗ್ನೂ ರೂಪವನ್ನು ಡೇವಿಡ್ ಮೆಕೆಂಜಿ ರಚಿಸಿದರು. ‘ಇನ್‌ಸ್ಟಾಲ್ -ಎಂ 644’ ಎಂದು ಬರೆದು, ಕಡತದ ಹೆಸರನ್ನೂ ಸೇರಬೇಕಾದ ಸ್ಥಳವನ್ನೂ ಸೂಚಿಸಿದರೆ, ನಕಲು ಮಾಡುವುದೂ ಅನುಮತಿ ವಿಧಿಸುವುದೂ ಒಂದೇ ಆದೇಶದಲ್ಲಿ ನೆರವೇರುತ್ತವೆ. ಕಚೇರಿಯಲ್ಲಿ ನಕಲಿನೊಡನೆಯೇ ರುಜುವೂ ಮೊಹರೂ ದೊರೆತಂತೆ ಇದು. ‘-ಒ’ ಎಂಬುದು ಒಡೆಯನನ್ನೂ ‘-ಜಿ’ ಎಂಬುದು ಗುಂಪನ್ನೂ ಗೊತ್ತುಪಡಿಸುತ್ತವೆ. ‘-ಡಿ’ ಎಂಬುದು ಕಡತಕೋಶವನ್ನು ನಿರ್ಮಿಸುತ್ತದೆ.

ಇನ್ನೊಂದು ಭೇದವೂ ಗಮನಾರ್ಹವಾದುದು. ಅದೇ ಹೆಸರಿನ ಹಳೆಯ ಕಡತವಿದ್ದಲ್ಲಿ ‘ಸಿಪಿ’ಯು ಸಾಮಾನ್ಯವಾಗಿ ಅದರೊಳಗಿನ ಬರಹವನ್ನು ಅಳಿಸಿ, ಅಲ್ಲಿಯೇ ಹೊಸದನ್ನು ತುಂಬುತ್ತದೆ, ಹಳೆಯ ಅನುಮತಿಯೇ ಉಳಿಯುತ್ತದೆ. ಗ್ನೂ ‘ಇನ್‌ಸ್ಟಾಲ್’ ಆದರೋ ಹಳೆಯ ಕಡತದ ಹೆಸರನ್ನು ತೆಗೆದುಹಾಕಿ ಹೊಸ ಕಡತವನ್ನು ನಿರ್ಮಿಸುತ್ತದೆ. ಹಳೆಯದನ್ನು ಆಗಲೇ ತೆರೆದಿರುವ ಕಾರ್ಯಕ್ರಮವು ತನ್ನ ಕೆಲಸ ಮುಗಿಯುವವರೆಗೂ ಹಳೆಯ ಬರಹವನ್ನೇ ನಿರಾತಂಕವಾಗಿ ಬಳಸಬಲ್ಲುದು.

ಆದರೂ ಎಚ್ಚರಿಕೆ ಬೇಕು. ಅನುಮತಿಯನ್ನು ಹೇಳದೆ ಬಿಟ್ಟರೆ ಈ ಆದೇಶವು 755 ಎಂದೇ ಭಾವಿಸಿ, ಬರಿಯ ಓದುವ ಕಡತಕ್ಕೂ ನಡೆಸುವ ಹಕ್ಕನ್ನು ಕೊಡುತ್ತದೆ. ‘-ಪಿ’ ಎಂದು ಸೂಚಿಸದಿದ್ದರೆ ಮೂಲದ ಕಾಲಸೂಚನೆ ಪ್ರತಿಯಲ್ಲಿ ಉಳಿಯದು. ಹಳೆಯ ಲೇಖನಗಳನ್ನು ಸಂಗ್ರಹಿಸುವವರಿಗೆ ಇದು ಮುಖ್ಯ. ಸುಲಭವೆಂದು 777 ಕೊಟ್ಟರೆ ಓದುವವರೆಲ್ಲರೂ ತಿದ್ದುವವರಾಗುವರು. ಓದುವ ಹಕ್ಕನ್ನು ಉದಾರವಾಗಿಯೂ ತಿದ್ದುವ ಹಕ್ಕನ್ನು ವಿವೇಕದಿಂದಲೂ ಹಂಚುವುದೇ ಗ್ರಂಥರಕ್ಷಣೆಯ ಮರ್ಮ.