ಆಟದ ಮೈದಾನದಲ್ಲಿ ಮಗುವಿಗೆ ಪೆಟ್ಟಾದರೆ ಹೊಣೆ ಯಾರದು?

ಕಬಡ್ಡಿಯಲ್ಲಿ ಮಂಡಿ ತರಚುವುದು, ಖೋ ಖೋ ಆಡುವಾಗ ಕಾಲು ಉಳುಕುವುದು ಹೊಸದೇನಲ್ಲ. ಇಂಥ ಪ್ರತಿ ಗಾಯಕ್ಕೂ ಪಿ.ಟಿ. ಮಾಸ್ತರರನ್ನು ಕೋರ್ಟಿಗೆ ಎಳೆಯಲು ಬರುವುದಿಲ್ಲ. ಆಟದಲ್ಲೇ ಇರುವ ಅಪಾಯ ಬೇರೆ, ಆಡಿಸುವವರ ಅಜಾಗ್ರತೆಯಿಂದ ಬರುವ ಅಪಾಯ ಬೇರೆ. ಕಾನೂನು ಪ್ರಶ್ನಿಸುವುದು ಎರಡನೆಯದನ್ನು.

ಮಕ್ಕಳು ಓಡಾಡುವ ಕಡೆಗೇ ಜಾವೆಲಿನ್ ಎಸೆಯಲು ಬಿಡುವುದು, ಗಟ್ಟಿಯಾದ ಮರಳಿನ ಮೇಲೆ ಉದ್ದ ಜಿಗಿತ ಮಾಡಿಸುವುದು, ತಲೆಗೆ ಪೆಟ್ಟು ಬಿದ್ದವನನ್ನು ವೈದ್ಯರಿಗೆ ತೋರಿಸದೆ ಮತ್ತೆ ಆಟಕ್ಕೆ ಇಳಿಸುವುದು ಅಜಾಗ್ರತೆಗೆ ಉದಾಹರಣೆಗಳು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2001ರ ತೀರ್ಪು ಮುಖ್ಯವಾದುದು. 1995ರಲ್ಲಿ ಪಠಾಣ್‌ಕೋಟ್ ಕಡೆಯ ಶಾಲೆಯೊಂದರಿಂದ ಪಿಕ್ನಿಕ್‌ಗೆ ಹೋದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಪ್ರತಿ ಮಗುವಿನ ಹೆತ್ತವರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಜೊತೆಗಿದ್ದ ಶಿಕ್ಷಕರ ತಪ್ಪಿಗೆ ಶಾಲೆಯೂ ಹೊಣೆ ಎಂದಿತು. ಪಂದ್ಯಕ್ಕಾಗಿ ಬೇರೆ ಶಾಲೆಗೆ ಕರೆದೊಯ್ದರೆ ಆ ಜಾಗ ಸುರಕ್ಷಿತವೆಂದು ತಿಳಿದುಕೊಂಡರೆ ಸಾಕು, ಅಪಾಯ ಹೆಚ್ಚಿರುವ ನದಿಯಂಥ ಕಡೆ ಎಚ್ಚರಿಕೆಯೂ ಹೆಚ್ಚಬೇಕು ಎಂಬುದು ತೀರ್ಪಿನ ತಿರುಳು.

ಪರಿಹಾರ ಒಂದು ದಾರಿ, ಶಿಕ್ಷೆ ಇನ್ನೊಂದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಪ್ರಕಾರ, ದುಡುಕು ಅಥವಾ ಅಜಾಗ್ರತೆಯಿಂದ ಎಲುಬು ಮುರಿತದಂಥ ತೀವ್ರ ಗಾಯವಾದರೆ 3 ವರ್ಷದವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಾವು ಸಂಭವಿಸಿದರೆ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ.

'ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದ್ದೇವಲ್ಲ ಎಂದು ಪಾಲಕರು ಸುಮ್ಮನಾಗಬೇಕಿಲ್ಲ. ನೀವು ಒಪ್ಪಿದ್ದು ಆಟಕ್ಕೆ, ಅಜಾಗ್ರತೆಗಲ್ಲ.

ಗಡಿಭಾಗದವರಿಗೆ ಇನ್ನೊಂದು ಮಾತು. ಕಾಸರಗೋಡಿನ ಹುಡುಗಿಗೆ ಮಂಗಳೂರಿನ ಪಂದ್ಯದಲ್ಲಿ ಹೀಗೆ ಪೆಟ್ಟಾದರೆ ದೂರು ಕೊಡಲು ಮಂಗಳೂರಿಗೇ ಹೋಗಬೇಕೆಂದಿಲ್ಲ. ಘಟನೆ ಎಲ್ಲೇ ನಡೆದಿರಲಿ, ಇಂಥ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅದು ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಇದೇ 'ಝೀರೋ ಎಫ್‌ಐಆರ್'.

ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿಲ್ಲುಗಳನ್ನು ಜೋಪಾನವಾಗಿಡಿ. ಮೈದಾನದ ಫೋಟೋ ಅಂದೇ ತೆಗೆದಿಡಿ. ಕಣ್ಣಾರೆ ಕಂಡವರು ಯಾರೆಂದು ಬರೆದಿಟ್ಟುಕೊಳ್ಳಿ. ವಕೀಲರ ಖರ್ಚಿನ ಚಿಂತೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 1987ರ ಕಾಯ್ದೆಯಂತೆ ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು.