ಎ4 ಹಾಳೆಗಿಂತ ಚಿಕ್ಕ ಮೇಜು

ಸ್ಕೇಲು ಹಿಡಿದು ನಿಮ್ಮ ಲ್ಯಾಪ್‌ಟಾಪಿನ ಪರದೆಯನ್ನು ಒಮ್ಮೆ ಅಳೆದು ನೋಡಿ. ಹದಿನಾಲ್ಕು ಇಂಚಿನ ಸಾಮಾನ್ಯ ಅಗಲಪರದೆಯಾದರೆ ಅಗಲ ಸುಮಾರು 31 ಸೆಂಟಿಮೀಟರ್, ಎತ್ತರ ಸುಮಾರು 17.4 ಸೆಂಟಿಮೀಟರ್. ಗುಣಿಸಿದರೆ 540 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆಯ ವಿಸ್ತೀರ್ಣ 624. ಅಂದರೆ ನಾವು ದಿನವಿಡೀ ಕಣ್ಣು ನೆಟ್ಟು ಕೂರುವ ಪರದೆ ಒಂದೇ ಒಂದು ಎ4 ಹಾಳೆಗಿಂತಲೂ ಚಿಕ್ಕದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮರದ ಮೇಜಿನ ವಿಸ್ತೀರ್ಣ ಇಂಥ ಹದಿಮೂರು ಪರದೆಗಳ ಒಟ್ಟು ವಿಸ್ತೀರ್ಣಕ್ಕಿಂತಲೂ ಹೆಚ್ಚು.

ಈ ಸಾಲು ಬರೆಯುವ ಹೊತ್ತಿಗೆ ನನ್ನ ಪರದೆಯಲ್ಲಿ ಒಂಬತ್ತು ವಿಂಡೋಗಳು ತೆರೆದಿವೆ. ಲೇಖನ, ನಿಘಂಟು, ಎರಡು ಪಿಡಿಎಫ್, ಮಿಂಚಂಚೆ, ಬ್ಯಾಂಕಿನ ಪುಟ, ಹೀಗೆ. ಒಂದು ಹಾಳೆಯಷ್ಟು ಜಾಗದಲ್ಲಿ ಒಂಬತ್ತು ಕೆಲಸ ಹೇಗೆ ಹಿಡಿಸುತ್ತದೆ? ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಕಣ್ಣಿಗೆ ಕಾಣದ ಪಕ್ಕದ ಅಂಗಳದಲ್ಲಿ ಎಂದು ತೀರ್ಮಾನಿಸುವ ಒಂದು ತಂತ್ರಾಂಶ ಪ್ರತಿ ಕಂಪ್ಯೂಟರಿನೊಳಗೂ ಇದೆ. ಅದರ ಹೆಸರು ವಿಂಡೋ ಮ್ಯಾನೇಜರ್. ಅದು ಚೆನ್ನಾಗಿ ಕೆಲಸ ಮಾಡುವಷ್ಟು ದಿನ ಅದೊಂದು ಇದೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ.

ಮೇಲೆ ಮೇಲೆ, ಪಕ್ಕ ಪಕ್ಕ

ಜಾಗದ ಈ ಕೊರತೆ ಹಳೆಯದು. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ತಯಾರಾದ ಆಲ್ಟೋ ಕಂಪ್ಯೂಟರಿನ ಪರದೆಯನ್ನು ಕಾಗದದ ಹಾಳೆಯಂತೆಯೇ ಉದ್ದುದ್ದ ನಿಲ್ಲಿಸಿದ್ದರು. ಅದರಲ್ಲಿದ್ದದ್ದು ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕಿ. ಅಷ್ಟರಲ್ಲೇ ಹಲವು ದಾಖಲೆಗಳನ್ನು ತೋರಿಸಬೇಕಿತ್ತು. ಮೇಜಿನ ಮೇಲೆ ಕಾಗದಗಳು ಒಂದರ ಮೇಲೊಂದು ಬಿದ್ದಿರುವುದಿಲ್ಲವೇ, ಹಾಗೆಯೇ ವಿಂಡೋಗಳೂ ಒಂದನ್ನೊಂದು ಮುಚ್ಚಿಕೊಂಡಿರಲಿ ಎಂಬುದು ಅಲನ್ ಕೇ ಮತ್ತು ಅವರ ಸಂಗಡಿಗರು ಕಂಡುಕೊಂಡ ದಾರಿ. ಚುಕ್ಕಿಗಳ ಒಂದು ಚೌಕವನ್ನು ಪರದೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ಷಣದಲ್ಲಿ ಎತ್ತಿಡುವ ವಿಧಾನವನ್ನು ಡಾನ್ ಇಂಗಾಲ್ಸ್ ರೂಪಿಸಿದ ಮೇಲೆ ಅದು ಬಳಸುವಷ್ಟು ಚುರುಕಾಯಿತು.

ಎಲ್ಲರೂ ಒಪ್ಪಲಿಲ್ಲ. ಅದೇ ಜೆರಾಕ್ಸ್ 1981ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್ ಕಂಪ್ಯೂಟರ್ ವಿಂಡೋಗಳನ್ನು ನೆಲಕ್ಕೆ ಹಾಸಿದ ಟೈಲ್ಸಿನಂತೆ ಪಕ್ಕಪಕ್ಕ ಜೋಡಿಸುತ್ತಿತ್ತು. 1985ರ ಮೈಕ್ರೋಸಾಫ್ಟ್ ವಿಂಡೋಸ್ ಮೊದಲ ಆವೃತ್ತಿಯೂ ಹಾಗೆಯೇ. ಎರಡೇ ವರ್ಷದಲ್ಲಿ, 1987ರ ಎರಡನೆಯ ಆವೃತ್ತಿಯಲ್ಲಿ, ಅದು ಒಂದರ ಮೇಲೊಂದು ಹೇರುವ ಪದ್ಧತಿಗೆ ಬದಲಾಯಿತು. 2009ರ ವಿಂಡೋಸ್ 7ರಲ್ಲಿ ವಿಂಡೋವನ್ನು ಪರದೆಯ ಅಂಚಿಗೆ ಎಳೆದರೆ ಅದು ಅರ್ಧ ಪರದೆಗೆ ಅಂಟಿಕೊಳ್ಳುವ ಸೌಲಭ್ಯ ಬಂತು. ಟೈಲ್ಸು ಹಿತ್ತಲ ಬಾಗಿಲಿನಿಂದ ಮರಳಿತು. ಎರಡನ್ನು ಹೋಲಿಸಿ ನೋಡಲು ಪಕ್ಕಪಕ್ಕ ಇರಬೇಕು, ಒಂದರಲ್ಲೇ ಮುಳುಗಿರಲು ಮಿಕ್ಕವು ಹಿಂದೆ ಸರಿಯಬೇಕು. ಕೆಲಸ ಬದಲಾದಂತೆ ಬೇಕಾದ ಜೋಡಣೆಯೂ ಬದಲಾಗುತ್ತದೆ. ಈ ವಾದ ಐವತ್ತು ವರ್ಷವಾದರೂ ಮುಗಿಯದಿರುವುದು ಅದಕ್ಕೇ.

ಮೇಜು ಸಾಲದಿದ್ದರೆ ಕೋಣೆ

ಮೂರನೆಯ ದಾರಿಯೊಂದಿತ್ತು. 1986ರಲ್ಲಿ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ‘ರೂಮ್ಸ್’, ಅಂದರೆ ಕೋಣೆಗಳು, ಎಂಬ ವ್ಯವಸ್ಥೆಯನ್ನು ವಿವರಿಸಿ ಪ್ರಬಂಧ ಬರೆದರು. ಅವರಿಗೆ ಹೊಳಹು ಸಿಕ್ಕಿದ್ದು ಕಂಪ್ಯೂಟರಿನ ಸ್ಮೃತಿಯಿಂದ. ಯಾವುದೇ ಪ್ರೋಗ್ರಾಮು ಒಂದು ಹೊತ್ತಿನಲ್ಲಿ ತನ್ನ ಮಾಹಿತಿಯ ಸಣ್ಣದೊಂದು ಗುಂಪನ್ನೇ ಮತ್ತೆ ಮತ್ತೆ ಮುಟ್ಟುತ್ತದೆ, ಆಮೇಲೆ ಇನ್ನೊಂದು ಗುಂಪಿಗೆ ಜಿಗಿಯುತ್ತದೆ ಎಂದು ಪೀಟರ್ ಡೆನ್ನಿಂಗ್ 1968ರಲ್ಲೇ ತೋರಿಸಿದ್ದರು. ಆ ಗುಂಪಿಗೆ ಸಾಲುವಷ್ಟು ಸ್ಮೃತಿ ಇಲ್ಲದಿದ್ದರೆ ಯಂತ್ರ ಕೆಲಸ ಬಿಟ್ಟು ಬರೀ ತೆಗೆದಿಡುವುದರಲ್ಲೇ ಸುಸ್ತಾಗುತ್ತದೆ.

ಮನುಷ್ಯರೂ ವಿಂಡೋಗಳನ್ನು ಹೀಗೆಯೇ ಬಳಸುತ್ತಾರೆ ಎಂಬುದು ಹೆಂಡರ್ಸನ್ ಮತ್ತು ಕಾರ್ಡ್ ಕಂಡ ಸತ್ಯ. ಲೆಕ್ಕಪತ್ರ ಬರೆಯುವಾಗ ಮೂರು ವಿಂಡೋ ಬೇಕು, ಪತ್ರ ಬರೆಯುವಾಗ ಬೇರೆ ಮೂರು. ಆರನ್ನೂ ಒಂದೇ ಪರದೆಗೆ ತುರುಕಿದರೆ ನಾವೂ ಆ ಬಡಪಾಯಿ ಯಂತ್ರದಂತೆ ಸರಿಸುವುದರಲ್ಲೇ, ಹುಡುಕುವುದರಲ್ಲೇ ದಿನ ಕಳೆಯುತ್ತೇವೆ. ಆದ್ದರಿಂದ ಪ್ರತಿ ಕೆಲಸಕ್ಕೂ ಒಂದು ಕೋಣೆ, ಕೋಣೆಯಿಂದ ಕೋಣೆಗೆ ಬಾಗಿಲು. ಬಾಗಿಲು ದಾಟುವಾಗ ಬೇಕಾದ ವಿಂಡೋವನ್ನು ಗಂಟು ಕಟ್ಟಿಕೊಂಡು ಒಯ್ಯಬಹುದು. ಗಡಿಯಾರದಂಥ ಸದಾ ಬೇಕಾದ ವಸ್ತುಗಳಿಗೆ ಒಂದು ‘ಜೇಬು’ ಇತ್ತು. ಜೇಬಿನಲ್ಲಿಟ್ಟದ್ದು ಎಲ್ಲ ಕೋಣೆಗಳಲ್ಲೂ ಕಾಣುತ್ತಿತ್ತು. ಇಂದು ನಾವು ವರ್ಕ್‌ಸ್ಪೇಸ್ ಅಥವಾ ವರ್ಚುವಲ್ ಡೆಸ್ಕ್‌ಟಾಪ್ ಎನ್ನುವುದು ಈ ಕೋಣೆಗಳನ್ನೇ. ಲಿನಕ್ಸ್ ಲೋಕದಲ್ಲಿ ಇವು ಬೇಗ ನೆಲೆಯೂರಿದವು. ಆಪಲ್ 2007ರಲ್ಲಿ ‘ಸ್ಪೇಸಸ್’ ಎಂದು ತಂದಿತು. ವಿಂಡೋಸ್ ಬಳಕೆದಾರರಿಗೆ ಅದು ಕಂಪ್ಯೂಟರಿನ ಜೊತೆಯಲ್ಲೇ ಸಿಕ್ಕಿದ್ದು 2015ರ ವಿಂಡೋಸ್ 10ರಲ್ಲಿ.

ಗಾಜಿನ ಹಾಳೆಗಳ ಜೋಡಣೆ

ಕೋಣೆಗಳು ಸರಾಗವಾಗಿ ಸರಿಯಬೇಕಾದರೆ ಚಿತ್ರ ಬಿಡಿಸುವ ವಿಧಾನವೇ ಬದಲಾಗಬೇಕಿತ್ತು. ಹಿಂದೆ ಎಲ್ಲ ತಂತ್ರಾಂಶಗಳೂ ಒಂದೇ ಗೋಡೆಯ ಮೇಲೆ ನೇರವಾಗಿ ಬರೆಯುತ್ತಿದ್ದವು. ಮೇಲಿನ ವಿಂಡೋ ಸರಿದಾಗ ಕೆಳಗಿನದಕ್ಕೆ ‘ನಿನ್ನ ಈ ಭಾಗವನ್ನು ಮತ್ತೆ ಬರೆ’ ಎಂಬ ಸಂದೇಶ ಹೋಗುತ್ತಿತ್ತು. ಆ ತಂತ್ರಾಂಶ ಸಿಕ್ಕಿಹಾಕಿಕೊಂಡಿದ್ದರೆ ಬರೆಯುವವರೇ ಇಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ವಿಂಡೋ ಎಳೆದಾಗ ಅದರ ನೆರಳುಗಳು ಸಾಲುಗಟ್ಟಿ ಅಂಟಿಕೊಂಡು ಉಳಿಯುತ್ತಿದ್ದದ್ದನ್ನು ನೀವು ನೋಡಿರಬಹುದು. ಅದರ ಕಾರಣ ಇದು.

ಈಗ ಪ್ರತಿ ವಿಂಡೋ ತನ್ನದೇ ಪ್ರತ್ಯೇಕ ಹಾಳೆಯ ಮೇಲೆ ಬರೆಯುತ್ತದೆ. ಆ ಹಾಳೆಗಳನ್ನು ಗಾಜಿನ ತಗಡುಗಳಂತೆ ಪೇರಿಸಿ ಒಂದು ಚಿತ್ರ ಮಾಡುವ ಕೆಲಸ ಕಾಂಪೊಸಿಟರ್ ಎಂಬ ಭಾಗದ್ದು. ಅಡ್ಡ 1920, ಉದ್ದ 1080 ಚುಕ್ಕಿಗಳ ಪರದೆಯಲ್ಲಿ ಪೂರ್ತಿ ಹರಡಿದ ಒಂದು ವಿಂಡೋಗೆ, ಚುಕ್ಕಿಗೆ ನಾಲ್ಕು ಬೈಟಿನಂತೆ, ಸುಮಾರು 8.3 ಮೆಗಾಬೈಟ್ ಬೇಕು. ಆಲ್ಟೋ ಕಂಪ್ಯೂಟರಿನ ಮೂಲ ಸ್ಮೃತಿ ಇದ್ದದ್ದೇ 128 ಕಿಲೋಬೈಟ್. ಅಂಥ ಅರವತ್ತು ಯಂತ್ರಗಳ ಸ್ಮೃತಿ ಸೇರಿಸಿದರೂ ಇಂದಿನ ಒಂದು ವಿಂಡೋಗೆ ಸಾಲದು. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಾದರೆ ಕಾಂಪೊಸಿಟರಿಗೆ ಪ್ರತಿ ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅದರೊಳಗೆ ಮುಗಿಯದಿದ್ದರೆ ಒಂದು ಚಿತ್ರ ತಪ್ಪಿಹೋಗುತ್ತದೆ, ನಮ್ಮ ಕಣ್ಣಿಗೆ ‘ಜರ್ಕ್’ ಕಾಣುತ್ತದೆ.

ಹಾಳೆಗಳು ಪ್ರತ್ಯೇಕವಾದ ಮೇಲೆ ಅವನ್ನು ಕುಗ್ಗಿಸಿ ಹರಡುವುದು ಸುಲಭವಾಯಿತು. 2003ರಲ್ಲಿ ಆಪಲ್ ‘ಎಕ್ಸ್‌ಪೋಸೆ’ ಎಂಬ ಹೆಸರಿನಲ್ಲಿ ಇದನ್ನು ಜನರ ಕೈಗಿತ್ತಿತು: ಒಂದು ಕೀಲಿ ಒತ್ತಿದರೆ ತೆರೆದ ವಿಂಡೋಗಳೆಲ್ಲ ಚಿಕ್ಕದಾಗಿ ಕಣ್ಣೆದುರು.

ಗ್ನೋಮ್ ಹಿಡಿದ ಹಾದಿ

ಈ ಎಲ್ಲ ಎಳೆಗಳು ಕೂಡಿದ ಜಾಗವನ್ನು ಹತ್ತಿರದಿಂದ ನೋಡಬೇಕೆಂದರೆ ಗ್ನೋಮ್ ಒಳ್ಳೆಯ ಉದಾಹರಣೆ. ಲಿನಕ್ಸ್‌ನಲ್ಲಿ ಬಹಳ ಮಂದಿ ಬಳಸುವ, ಮುಕ್ತವಾಗಿ ಹಂಚಿಕೆಯಾಗುವ ಡೆಸ್ಕ್‌ಟಾಪ್ ವ್ಯವಸ್ಥೆ ಇದು. ಇದರ ಮೂರನೆಯ ಅವತಾರ ಬಿಡುಗಡೆಯಾದದ್ದು 2011ರ ಏಪ್ರಿಲ್ 6ರಂದು. ಅದಕ್ಕೆ ಕೆಲವೇ ದಿನ ಮುಂಚೆ ಅದರ ಏಷ್ಯಾ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಗ್ನೋಮ್ 3 ವಿಂಡೋ ಕೆಳಗಿಳಿಸುವ ಗುಂಡಿಯನ್ನೇ ತೆಗೆದು, ಬೇಡವಾದದ್ದನ್ನು ಇನ್ನೊಂದು ವರ್ಕ್‌ಸ್ಪೇಸಿಗೆ ಕಳಿಸಿ ಎಂದಿತು. ಹಳೆಯ ರೂಢಿ ಬಿಡಲಾಗದವರು ಮಾಟೆ ಮತ್ತು ಸಿನಮನ್ ಎಂಬ ಬೇರೆ ಡೆಸ್ಕ್‌ಟಾಪುಗಳನ್ನೇ ಕಟ್ಟಿಕೊಂಡರು. ಆ ಜಗಳದಲ್ಲಿ ಎರಡೂ ಕಡೆಯವರ ಮಾತಿಗೆ ಅರ್ಥವಿತ್ತು. ಕರೆಂಟು ಹೋದ ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವಾಗ ನಾವು ಯೋಚಿಸುವುದಿಲ್ಲ, ಒಲೆಯ ಪಕ್ಕದ ಗೂಡಿಗೆ ಕೈ ತಾನಾಗಿ ಹೋಗುತ್ತದೆ. ಅಲ್ಲಿಂದ ಯಾರಾದರೂ ಎತ್ತಿಟ್ಟರೆ, ಎಷ್ಟೇ ಅಂದದ ಡಬ್ಬಿಯಲ್ಲಿಟ್ಟರೂ, ಕತ್ತಲಲ್ಲಿ ಅದು ಇಲ್ಲದಂತೆಯೇ. ವಿಂಡೋ ನಿರ್ವಹಣೆಯ ತಿರುಳು ನನಗೆ ಕಂಡಂತೆ ಇದು: ಪರದೆಗೆ ಹೆಚ್ಚು ತುಂಬುವುದಲ್ಲ, ಇಟ್ಟದ್ದು ಇಟ್ಟಲ್ಲೇ ಸಿಗುತ್ತದೆ ಎಂಬ ನಂಬಿಕೆಯನ್ನು ಕೈಗೆ ಕಲಿಸುವುದು. ಗ್ನೋಮ್‌ನ ಮುಂದಿನ ತಿದ್ದುಪಡಿಗಳನ್ನು ಈ ಕಣ್ಣಿನಿಂದ ನೋಡಿದರೆ ಸಣ್ಣ ಸಣ್ಣ ವಿವರಗಳ ಬೆಲೆ ತಿಳಿಯುತ್ತದೆ.

ಗ್ನೋಮ್‌ನಲ್ಲಿ ಸೂಪರ್ ಕೀಲಿ, ಅಂದರೆ ವಿಂಡೋಸ್ ಚಿಹ್ನೆಯ ಕೀಲಿ, ಒತ್ತಿದರೆ ವಿಂಡೋಗಳು ಹರಡಿಕೊಳ್ಳುತ್ತವೆ. ಮನಸ್ಸಿಗೆ ಬಂದಂತೆ ಅಲ್ಲ. ಪ್ರತಿ ವಿಂಡೋದ ನಡುಬಿಂದು ಎಷ್ಟು ಮೇಲಿದೆ ಎಂದು ನೋಡಿ ಗ್ನೋಮ್ ಅವನ್ನು ಸಾಲುಗಳಾಗಿ ವಿಂಗಡಿಸುತ್ತದೆ. ಆಮೇಲೆ ಸಾಲಿನೊಳಗೆ ಎಡದಿಂದ ಬಲಕ್ಕೆ ಜೋಡಿಸುತ್ತದೆ. ಹೀಗಾಗಿ ಎಡಗಡೆ ಇದ್ದದ್ದು ಕುಗ್ಗಿದ ಮೇಲೂ ಎಡದ ಕಡೆಗೇ ಉಳಿಯುತ್ತದೆ. ಒಂದು ಸಾಲು ಮಾಡಲೇ, ಎರಡು ಮಾಡಲೇ, ಮೂರು ಮಾಡಲೇ ಎಂದು ಲೆಕ್ಕ ಹಾಕಿ, ಚಿತ್ರಗಳು ದೊಡ್ಡದಾಗಿ ಕಾಣುವ ಮತ್ತು ಜಾಗ ಹಾಳಾಗದ ಜೋಡಣೆಯನ್ನು ಆಯ್ದುಕೊಳ್ಳುತ್ತದೆ. ಕ್ಯಾಲ್ಕುಲೇಟರಿನಂಥ ಪುಟ್ಟ ವಿಂಡೋಗಳನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಅವು ಅಕ್ಕಿಯಲ್ಲಿನ ಸಾಸಿವೆಯಾಗುತ್ತವೆ. ಅದಕ್ಕಾಗಿ ವಿಂಡೋ ಚಿಕ್ಕದಾದಷ್ಟೂ ಅದಕ್ಕೆ ಗರಿಷ್ಠ ಒಂದೂವರೆ ಪಟ್ಟಿನವರೆಗೆ ರಿಯಾಯಿತಿ. ಈ ಹರಡುವಿಕೆ ಮುಗಿಯಲು ಹಿಡಿಯುವುದು ಕಾಲು ಸೆಕೆಂಡು. ಆ ಕಾಲು ಸೆಕೆಂಡಿನ ಚಲನೆ ಅಲಂಕಾರಕ್ಕಲ್ಲ. ಯಾವ ವಿಂಡೋ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕಣ್ಣಿಗೆ ಹೇಳುವುದು ಅದೇ.

2021ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 40ರಲ್ಲಿ ಮೇಲಿಂದ ಕೆಳಗೆ ಸಾಲಾಗಿದ್ದ ವರ್ಕ್‌ಸ್ಪೇಸುಗಳು ಎಡದಿಂದ ಬಲಕ್ಕೆ ತಿರುಗಿದವು. ಟಚ್‌ಪ್ಯಾಡಿನ ಮೇಲೆ ಮೂರು ಬೆರಳಿಟ್ಟು ಮೇಲಕ್ಕೆ ಸರಿಸಿದರೆ ವಿಂಡೋಗಳ ನೋಟ, ಇನ್ನೂ ಮೇಲಕ್ಕೆ ಸರಿಸಿದರೆ ತಂತ್ರಾಂಶಗಳ ಪಟ್ಟಿ, ಅಡ್ಡಕ್ಕೆ ಸರಿಸಿದರೆ ಪಕ್ಕದ ವರ್ಕ್‌ಸ್ಪೇಸ್. ಒಂದೊಂದು ದಿಕ್ಕಿಗೆ ಒಂದೊಂದೇ ಅರ್ಥ. ಚಿತ್ರ ಬೆರಳಿನ ಜೊತೆಗೇ ಚಲಿಸುತ್ತದೆ, ಅರ್ಧದಲ್ಲಿ ಮನಸ್ಸು ಬದಲಾದರೆ ಬೆರಳು ಹಿಂದೆಳೆದರೆ ಆಯಿತು. ಕೋಣೆ ಎಷ್ಟಿರಬೇಕು ಎಂದು ಮೊದಲೇ ಹೇಳಬೇಕಿಲ್ಲ: ಕೊನೆಯಲ್ಲಿ ಸದಾ ಒಂದು ಖಾಲಿ ಕೋಣೆ ಕಾದಿರುತ್ತದೆ, ಅದಕ್ಕೆ ವಿಂಡೋ ಬಂದೊಡನೆ ಮತ್ತೊಂದು ಹುಟ್ಟುತ್ತದೆ, ಬರಿದಾದದ್ದು ಕರಗುತ್ತದೆ. ಹೆಂಡರ್ಸನ್ ಮತ್ತು ಕಾರ್ಡ್ ಅವರ ಜೇಬು ಕೂಡ ಇಲ್ಲಿ ಇದೆ; ವಿಂಡೋದ ಶೀರ್ಷಿಕೆಯ ಮೇಲೆ ಬಲಗುಂಡಿ ಒತ್ತಿ, ಅದು ಎಲ್ಲ ವರ್ಕ್‌ಸ್ಪೇಸುಗಳಲ್ಲೂ ಕಾಣಲಿ ಎಂದು ಹೇಳಬಹುದು. 2023ರ 45ನೆಯ ಆವೃತ್ತಿಯಲ್ಲಿ ಎಡ ಮೂಲೆಯ ‘ಆಕ್ಟಿವಿಟೀಸ್’ ಎಂಬ ಪದ ಹೋಗಿ ಚುಕ್ಕಿಗಳ ಸಾಲು ಬಂತು. ನೀವಿರುವ ಕೋಣೆ ಎಷ್ಟನೆಯದು ಎಂದು ಅದು ಸದಾ ತೋರಿಸುತ್ತದೆ.

ಉದ್ದೇಶವೋ, ಆಕಸ್ಮಿಕವೋ

ಇನ್ನೆರಡು ಸೂಕ್ಷ್ಮಗಳನ್ನು ಹೇಳಲೇಬೇಕು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಸೂತ್ರ ಕೊಟ್ಟರು. ಪರದೆಯ ಮೂಲೆಗೆ ಈ ನಿಯಮ ವರವಾಗುತ್ತದೆ: ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣ ಮೂಲೆಯನ್ನು ದಾಟಿ ಹೋಗುವುದಿಲ್ಲ, ಆದ್ದರಿಂದ ಗುರಿ ತಪ್ಪುವುದಿಲ್ಲ. ಗ್ನೋಮ್‌ನಲ್ಲಿ ಎಡ ಮೇಲ್ಮೂಲೆಗೆ ಬಾಣ ಒಯ್ದರೆ ವಿಂಡೋಗಳು ಹರಡಿಕೊಳ್ಳುವುದು ಈ ಬಲದಿಂದ. ಆದರೆ ಅಷ್ಟು ಸುಲಭವಾದ ಗುರಿ ಬೇಡದಾಗಲೂ ತಾಗುತ್ತದೆ. ಅದಕ್ಕಾಗಿ ಅಲ್ಲೊಂದು ಅದೃಶ್ಯ ತಡೆಗೋಡೆ ಕಟ್ಟಿದರು. ಬಾಣ ಬಂದು ತಾಗಿದರೆ ಸಾಲದು, ಬಾಗಿಲು ದೂಡುವಂತೆ ಇನ್ನೊಂದಿಷ್ಟು ತಳ್ಳಬೇಕು. ಕೈಜಾರಿ ಬಂದದ್ದೋ, ಬೇಕೆಂದೇ ಬಂದದ್ದೋ ಎಂದು ಯಂತ್ರ ಗುರುತಿಸುವುದು ಹೀಗೆ.

ಇನ್ನೊಂದು, ಟೈಪಿಂಗ್ ನಡುವೆ ಧುತ್ತೆಂದು ಎದುರಾಗುವ ವಿಂಡೋ. ನಿಧಾನಕ್ಕೆ ತೆರೆಯುವ ತಂತ್ರಾಂಶವೊಂದನ್ನು ಕ್ಲಿಕ್ ಮಾಡಿ ನೀವು ಬೇರೆಡೆ ಬರೆಯಲು ತೊಡಗುತ್ತೀರಿ. ಅದು ತೆರೆದುಕೊಂಡು ಮುಂದೆ ನಿಂತುಬಿಟ್ಟರೆ ನಿಮ್ಮ ಅಕ್ಷರಗಳೆಲ್ಲ ಅದರ ಪಾಲು, ಕೆಲವೊಮ್ಮೆ ಪಾಸ್‌ವರ್ಡ್ ಕೂಡ. ವಿಂಡೋ ಮ್ಯಾನೇಜರ್ ಇಲ್ಲಿ ಗಡಿಯಾರ ನೋಡುತ್ತದೆ. ಕ್ಲಿಕ್ ಮಾಡಿದ ಮೇಲೆ ನೀವು ಇನ್ನೊಂದು ವಿಂಡೋದಲ್ಲಿ ಕೀಲಿ ಒತ್ತಿದ್ದೀರಾ? ಹಾಗಿದ್ದರೆ ಹೊಸಬನಿಗೆ ಮುಂದಿನ ಸಾಲಿನ ಕುರ್ಚಿ ಇಲ್ಲ. ‘ಸಿದ್ಧವಾಗಿದೆ’ ಎಂಬ ಒಂದು ಸೂಚನೆ ಮಾತ್ರ. ಕೆಲಸದಲ್ಲಿರುವವರನ್ನು ನಡುವೆ ಮಾತಾಡಿಸಬಾರದು ಎಂಬ ಮನೆಮಂದಿಯ ಮರ್ಯಾದೆಯನ್ನು ಯಂತ್ರಕ್ಕೂ ಕಲಿಸಿದ್ದಾರೆ.

ಇವೆಲ್ಲ ಸಣ್ಣ ತಿದ್ದುಪಡಿಗಳು. ಆದರೆ ದಿನಕ್ಕೆ ನೂರಾರು ಬಾರಿ ನಡೆಯುವ ಕ್ರಿಯೆಯಲ್ಲಿ ಅರ್ಧ ಸೆಕೆಂಡಿನ ತಡವರಿಕೆ ತಪ್ಪಿದರೆ, ಉಳಿಯುವುದು ಸಮಯಕ್ಕಿಂತ ಹೆಚ್ಚಾಗಿ ಯೋಚನೆಯ ಎಳೆ. ಒಂದು ವಾಕ್ಯ ತಲೆಯಲ್ಲಿ ಮೂಡುತ್ತಿರುವಾಗ ನಿಘಂಟು ಹುಡುಕಲು ನಾಲ್ಕು ವಿಂಡೋ ಸರಿಸಬೇಕಾಗಿ ಬಂದರೆ ಆ ವಾಕ್ಯ ಮರಳಿ ಬಾರದಿರಬಹುದು.

ನೀವು ಯಾವ ಕಂಪ್ಯೂಟರ್ ಬಳಸಿದರೂ ಒಂದು ವಾರ ಹೀಗೆ ಮಾಡಿ ನೋಡಿ. ಒಂದು ಕೆಲಸಕ್ಕೆ ಒಂದೇ ವರ್ಕ್‌ಸ್ಪೇಸ್ ಇರಲಿ, ಅದರ ಜಾಗ ಬದಲಾಗದಿರಲಿ. ನನ್ನಲ್ಲಿ ಮೊದಲನೆಯದು ಬರವಣಿಗೆ, ಅದರ ಬಲಕ್ಕೆ ಓದು, ಅದರಾಚೆ ಮಿಂಚಂಚೆ ಮತ್ತು ಬ್ಯಾಂಕು. ವಾರ ಕಳೆದ ಮೇಲೆ ಒಮ್ಮೆ ಕಣ್ಣು ಮುಚ್ಚಿ, ಬಲಕ್ಕೆ ಎರಡು ಕೋಣೆ ದಾಟಿದರೆ ಏನಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ತಲೆಗೆ ಬರುವ ಮುಂಚೆ ಬೆರಳು ಆ ಕಡೆ ಹೊರಟಿದ್ದರೆ, ಬೆಂಕಿಪೊಟ್ಟಣ ತನ್ನ ಗೂಡು ಸೇರಿತು ಎಂದು ತಿಳಿಯಿರಿ.