ಬೆಳಕಿಗೆ ಕಾಂತದ ಸಾರಥ್ಯ

ಪ್ರಶ್ನೆ: ಬೆಳಕಿನಿಂದಲೇ ಓಡುವ ನ್ಯಾನೋ ಮೋಟಾರುಗಳಿಗೆ ದೇಹದೊಳಗೆ ಬೇರೆ ಶಕ್ತಿಯ ಆಸರೆ ಏಕೆ?
– ಓದುಗರೊಬ್ಬರು, ಕಾವೂರು, ಮಂಗಳೂರು

ಉತ್ತರ: ಉರಿಯುವ ಟಾರ್ಚನ್ನು ಅಂಗೈಯಿಂದ ಮುಚ್ಚಿದರೆ ಬೆರಳಂಚುಗಳು ಕೆಂಪಗೆ ಹೊಳೆಯುವುವಷ್ಟೆ, ರಕ್ತಮಾಂಸಗಳು ಬೆಳಕನ್ನು ಚದರಿಸಿ, ಹೀರಿ, ಅಲ್ಪದೂರದಲ್ಲಿಯೇ ನಿಸ್ತೇಜಗೊಳಿಸುತ್ತವೆ. ಇಂಥ ಮೋಟಾರುಗಳಲ್ಲಿ ಹಲವಕ್ಕೆ ಬೇಕಾದ ಅತಿನೇರಳೆ ಕಿರಣವಂತೂ ಜೀವಕೋಶಗಳಿಗೇ ಹಾನಿಕರ. ಆದುದರಿಂದ, ಶರೀರವನ್ನು ನಿರಾತಂಕವಾಗಿ ಹಾಯ್ದುಹೋಗುವ ಕಾಂತಕ್ಷೇತ್ರಕ್ಕೆ ಸಾರಥ್ಯವನ್ನೊಪ್ಪಿಸಿ, ಬೆಳಕಿಗೆ ತುದಿಯ ಕುಶಲಕಾರ್ಯವನ್ನಷ್ಟೇ ವಹಿಸುವುದು ವಿವೇಕವೆಂದು ನನಗೆ ತೋರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಮತ್ತು ಸೌವಿಕ್ ಘೋಷ್ ಅವರು 2018ರಲ್ಲಿ ಪ್ರಕಟಿಸಿದ ಸಂಚಾರಿ ನ್ಯಾನೋ ಚಿಮುಟ ಇದಕ್ಕೆ ಉಜ್ಜ್ವಲ ನಿದರ್ಶನ: ತಿರುಗುವ ಕಾಂತಕ್ಷೇತ್ರದಲ್ಲಿ ತಿರುಪುಮೊಳೆಯಂತೆ ದ್ರವವನ್ನು ಕೊರೆದು ಸಾಗುವ ಆ ಸುರುಳಿ, ತನ್ನ ಮೈಗಂಟಿದ ಲೋಹಕಣದ ಮೇಲೆ ಬೆಳಕು ಬಿದ್ದೊಡನೆ, ಸನಿಹದ ಬ್ಯಾಕ್ಟೀರಿಯವನ್ನೋ ಸೂಕ್ಷ್ಮಕಣವನ್ನೋ ಸೆಳೆದು ಹಿಡಿದು, ಬೇಕಾದೆಡೆಗೆ ಒಯ್ದು ಬಿಡುತ್ತದೆ.

ದಂತವೈದ್ಯ ಕಾಲೇಜುಗಳ ಊರಿನವರಾದ ತಮಗೆ ಇನ್ನೊಂದು ಸಂಗತಿ ರುಚಿಸೀತು. 2022ರಲ್ಲಿ ಅದೇ ಸಂಸ್ಥೆಯ ಬಳಗವು ಹಲ್ಲಿನ ಸೂಕ್ಷ್ಮನಾಳಗಳೊಳಕ್ಕೆ ಸಿಲಿಕಾ ಮತ್ತು ಕಬ್ಬಿಣದ ಸುರುಳಿಗಳನ್ನು ಸುಮಾರು 2 ಮಿಲಿಮೀಟರ್ ಆಳದವರೆಗೆ ನುಗ್ಗಿಸಿ, ಕಾಂತಕ್ಷೇತ್ರದ ಆವೃತ್ತಿಯನ್ನು ಬದಲಿಸಿ, ಅಲ್ಲಿಯೇ ಶಾಖವೆಬ್ಬಿಸಿ ಬ್ಯಾಕ್ಟೀರಿಯಗಳನ್ನು ಕೊಂದಿತು. ಆದರೆ ಆ ಪ್ರಯೋಗಕ್ಕೆ ಬಳಸಿದವು ಕಿತ್ತ ಹಲ್ಲುಗಳು.